ಹುಡುಗಿಯರಿಗೆ ಯಾವ ಕೈ?

ಅಜ್ರೂ ಊರಿನ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಉಸ್ತಾದ್ ಲಹ್ಸೆನ್ ಕೆಟ್ಟ ಮನುಷ್ಯರೇನಲ್ಲ. ಹುಡುಗಿಯರೆಂದರೆ ಅವರಿಗೆ ಬಹಳ ಮರ್ಯಾದೆ; ಎಷ್ಟೆಂದರೆ, ಹುಡುಗಿಯರಿಗೆ ಒಂದು ಪ್ರಶ್ನೆಯನ್ನೂ ಕೇಳಿ ತೊಂದರೆ ಕೊಡುತ್ತಿರಲಿಲ್ಲ. ತಂತಿ, ಬಲ್ಬು, ಬ್ಯಾಟರಿ ಹುಡುಗರ ಕೈಗೆ. ಅವುಗಳ ಚಿತ್ರ ಬರೆದು ಬಣ್ಣ ತುಂಬುವುದು ಹುಡುಗಿಯರ ಪಾಲಿಗೆ. ಆ ತರಗತಿಯ ತುದಾ ಎಂಬ ಹುಡುಗಿ ವರ್ಷವಿಡೀ ಅಂದವಾದ ಬಲ್ಬು ಬರೆದಿದ್ದಳು, ಒಂದನ್ನೂ ಮುಟ್ಟಿರಲಿಲ್ಲ.

ಮುಂದಿನ ವರ್ಷ ಅವಳಿಗೆ ವಿಜ್ಞಾನ ವಿಭಾಗವೇ ಬೇಕಿತ್ತು. ಅದಕ್ಕೆ ಉಸ್ತಾದರು ಒಪ್ಪಬೇಕು. ಅವರೋ, ಹುಡುಗಿಯ ಅಕ್ಷರ ಮುದ್ದಾಗಿದೆ, ಸಾಹಿತ್ಯಕ್ಕೆ ಸೇರಿಸಿ ಎಂದು ಅವಳ ಅಪ್ಪನಿಗೆ ಆಗಲೇ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಶಾಲಾ ಇನ್‌ಸ್ಪೆಕ್ಟರ್ ಬರುವ ಸುದ್ದಿ ಬಂತು. ಉಸ್ತಾದರು ಹುಡುಗರಿಗೆ ಹಳೆಯ ಉಪಾಯ ಹೇಳಿಕೊಟ್ಟರು: ಏನು ಕೇಳಿದರೂ ಎಲ್ಲರೂ ಕೈ ಎತ್ತಬೇಕು, ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ; ಉತ್ತರ ಕೇಳುವುದು ಬಲಗೈಯವರನ್ನು ಮಾತ್ರ. ಹುಡುಗಿಯರಿಗೆ ಹೇಳಿದ್ದು ಬಂದವರಿಗೆ ಪುದೀನ ಚಹಾ ಮಾಡಿಕೊಡುವ ವಿಷಯ ಮಾತ್ರ.

ಮರುದಿನ ಇನ್‌ಸ್ಪೆಕ್ಟರ್ ಹಿಂದಿನ ಬೆಂಚಿನಲ್ಲಿ ಕೂತರು. ಉಸ್ತಾದರು ಒಂದೇ ತಂತಿಯ ಸಾಲಿನಲ್ಲಿ ಎರಡು ಬಲ್ಬು ಉರಿಸಿ, ಒಂದನ್ನು ಕಿತ್ತರು. ಇನ್ನೊಂದೂ ಆರಿಹೋಯಿತು. ಅದು ಆರದ ಹಾಗೆ ಜೋಡಿಸುವುದು ಹೇಗೆಂದು ಕೇಳಿದರು. ಹುಡುಗರ ಕೈಗಳೆಲ್ಲ ಪಟಪಟನೆ ಎದ್ದವು. ನೋಡಿದರೆ ಎಲ್ಲವೂ ಎಡಗೈ.

ಲೋಟಕ್ಕೆ ಚಹಾ ಸುರಿಯುತ್ತಿದ್ದ ತುದಾ ಕೆಟ್ಲು ಕೆಳಗಿಟ್ಟು, ಪೊಲೀಸರ ಕೈಗೆ ಸಿಕ್ಕಿಬಿದ್ದವಳಂತೆ ಎರಡೂ ಕೈ ಎತ್ತಿದಳು. ಉಸ್ತಾದರ ಕಣ್ಣು ಅವಳನ್ನು ದಾಟಿ ಯಾವುದಾದರೂ ಬಲಗೈ ಹುಡುಕುತ್ತಲೇ ಇತ್ತು.

"ಏನಮ್ಮಾ, ಎರಡೆರಡು ಕೈ ಯಾಕೆ?" ಎಂದರು ಇನ್‌ಸ್ಪೆಕ್ಟರ್.

"ಗೊತ್ತಿದ್ರೆ ಬಲಗೈ, ಗೊತ್ತಿಲ್ದಿದ್ರೆ ಎಡಗೈ ಅಂತ ಹುಡುಗರಿಗೆ ಹೇಳವ್ರೆ. ಹುಡುಗೀರಿಗೆ ಯಾವ ಕೈ ಅಂತ ಉಸ್ತಾದ್ರು ಹೇಳ್ಲಿಲ್ಲ. ಒಂದಾದ್ರೂ ಕಾಣ್ಲಿ ಅಂತ ಎರಡೂ ಎತ್ದೆ."

ಮೇಷ್ಟರಾಗಿದ್ದ ಕಾಲದಲ್ಲಿ ತಾವೂ ಇದೇ ಉಪಾಯ ನಡೆಸಿದ್ದ ಇನ್‌ಸ್ಪೆಕ್ಟರ್ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು, ಮಾಡಿ ತೋರಿಸು ಎಂದರು.

ಮೊದಲ ತಂತಿ ಬೆರಳಿನಿಂದ ಜಾರಿತು. ಹುಡುಗರು ಕಿಸಕ್ಕೆಂದರು. ಆದರೆ ಎಷ್ಟೋ ಸಲ ಬರೆದ ಚಿತ್ರವದು. ತುದಾ ಒಂದೊಂದು ಬಲ್ಬಿಗೂ ಅದರದೇ ತಂತಿಗಳನ್ನು ಕಟ್ಟಿ, ಒಂದನ್ನು ಕಿತ್ತಳು. ಇನ್ನೊಂದು ಉರಿಯುತ್ತಲೇ ಇತ್ತು.

ಹುಡುಗಿ ಸಾಹಿತ್ಯಕ್ಕೆ ಹೋಗುವವಳು, ಏನೋ ಅದೃಷ್ಟ ಎಂದು ಉಸ್ತಾದರು ಗೊಣಗಿದರು.

"ಬೇಡ ಮಾರಾಯ್ರೆ, ವಿಜ್ಞಾನಕ್ಕೇ ಹಾಕಿ," ಎಂದರು ಇನ್‌ಸ್ಪೆಕ್ಟರ್, ಚಹಾ ಹೀರುತ್ತ. "ಸಾಹಿತ್ಯಕ್ಕೆ ಕಳಿಸಿದ್ರೆ ನಿಮ್ಮ ಬಗ್ಗೆನೇ ಬರೀತಾಳೆ."

ಉಸ್ತಾದರು ಅಲ್ಲೇ ಒಪ್ಪಿದರು.