ಅತ್ತೆಯನ್ನು ಹೆರುವ ಮಾತು

ಬೇಕರಿಯ ಹಿಂದಿನ ಕೋಣೆಯಲ್ಲಿ ಸೊಸೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ಅತ್ತೆ ಒಳಗೆ ಬಂದು, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿಬಿಟ್ಟರು: "ನನ್ನನ್ನ ಹೆತ್ತುಕೊಡ್ತೀಯೇನೇ?"

ಹೆರಿಗೆ ಆಸ್ಪತ್ರೆಗೆ ಹೊಸ ವಿದ್ಯೆಯೊಂದು ಬಂದಿತ್ತು: ಒಬ್ಬರ ಮೈಯ ಒಂದು ಕಣದಿಂದ ಅವರದೇ ತದ್ರೂಪಿನ ಮಗುವನ್ನು ಬೆಳೆಸುವುದು. ಸೊಸೆಗೆ ಬಸಿರು ನಿಂತೇ ಇರಲಿಲ್ಲ. ಮಾಡದ ಚಿಕಿತ್ಸೆಯಿಲ್ಲ. ಮಡಿಲು ತುಂಬಲು ಉಳಿದಿದ್ದು ಇದೊಂದೇ ದಾರಿ.

"ಅಲ್ಲ ಅತ್ತೆ, ಹುಟ್ಟಿದ್ಮೇಲೆ ನಿಮ್ಮ ಮಗ ಆ ಮಗೂಗೆ ಅಪ್ಪನೋ, ಮಗನೋ?"

ಒಲೆಯ ಹತ್ತಿರವಿದ್ದ ಗಂಡ, "ನನ್ನನ್ನ ಇದಕ್ಕೆ ಎಳೀಬೇಡಿ. ಒಬ್ಬ ಅಮ್ಮನ ಕೈಲಿ ಬೈಸ್ಕೊಂಡೇ ಸಾಕಾಗಿದೆ," ಎಂದು ಬನ್ನಿನ ತಟ್ಟೆ ಎತ್ತಿಕೊಂಡು ಅಂಗಡಿಯತ್ತ ಜಾರಿಕೊಂಡ.

ಸೊಸೆ ನಕ್ಕಳೇನೋ ನಿಜ, ಆದರೆ ಆಸೆ ಆಗಲೇ ಬೇರುಬಿಟ್ಟಿತ್ತು. ಯಾರ ತದ್ರೂಪಾದರೇನು, ಒದೆಯುವುದು ತನ್ನ ಹೊಟ್ಟೆಯೊಳಗೆ ತಾನೆ?

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಹೆಚ್ಚಿನ ಬಸಿರುಗಳು ನಿಲ್ಲಲ್ಲ. ನಿಂತರೂ ಮಗು ಆರೋಗ್ಯವಾಗಿರುತ್ತೆ ಅಂತ ಮಾತು ಕೊಡೋಕಾಗಲ್ಲ. ನಿಮ್ಮತ್ತೆಯ ಉಬ್ಬಸಾನೂ ಬಂದೀತು."

"ಕೋಪ?" ಎಂದಳು ಸೊಸೆ.

"ಬರ್ಲಿ ಬಿಡು, ವ್ಯಾಪಾರಕ್ಕೆ ಬೇಕಾಗುತ್ತೆ," ಎಂದರು ಅತ್ತೆ.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತೆಯ ಬಾಯಿಗೆ ಬಿಡುವಿಲ್ಲ. "ಐದು ತುಂಬ್ಲಿ, ಸ್ಟೂಲ್ ಹಾಕಿ ಹಿಟ್ಟಿನ ಮೇಜಿನ ಮುಂದೆ ನಿಲ್ಲಿಸ್ತೀನಿ. ಮುಟ್ಟಿದ್ರೆ ಸಾಕು, ಹದ ಗೊತ್ತಾಗಿಬಿಡುತ್ತೆ. ಕೈ ನಂದೇ ಅಲ್ವಾ?"

"ಅವಳಿಗೆ ಇಷ್ಟ ಇಲ್ದಿದ್ರೆ?"

"ಅದ್ಹೇಗೆ ಇಲ್ದಿರುತ್ತೆ? ನಾನೇ ಅಲ್ವೇನೇ ಅವಳು!"

"ಆ ವಯಸ್ಸಲ್ಲಿ ನಿಮಗೆ ಇಷ್ಟ ಇತ್ತಾ ಅತ್ತೆ?"

ಅತ್ತೆ ತಮ್ಮ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡರು.

"ಅಪ್ಪ ರಟ್ಟೆ ಹಿಡಿದು ಹಿಟ್ಟಿನ ಮೇಜಿನ ಮುಂದೆ ನಿಲ್ಲಿಸ್ತಿದ್ದ. ಅಕ್ಕಂದಿರು ಶಾಲೆಗೆ ಹೋಗೋದು ಅಲ್ಲಿಂದ್ಲೇ ಕಾಣ್ತಿತ್ತು. ಅತ್ರೆ, ಹಿಟ್ಟಿಗೆ ಉಪ್ಪು ಆಗಲೇ ಹಾಕಿದೀನಿ ಅಂತ ಬೈತಿದ್ದ."

"ಹಾಗಾದ್ರೆ ಇವಳನ್ನ ಶಾಲೆಗೇ ಕಳಿಸೋಣ," ಎಂದಳು ಸೊಸೆ, ಅವಸರವಸರವಾಗಿ.

"ಅದೂ ನನ್ನ ಆಸೇನೇ ಅಲ್ವೇನೇ? ಮೇಜಿಗೆ ನಿಲ್ಲಿಸಿದ್ರೂ ನನಗೋಸ್ಕರ, ಶಾಲೆಗೆ ಕಳಿಸಿದ್ರೂ ನನಗೋಸ್ಕರ. ಅವಳನ್ನ ಅವಳು ಅಂತ ನೋಡೋದು ನನ್ನ ಕೈಲಾಗಲ್ಲ. ಬೇಡ ಬಿಡು ಮಗಳೇ."

ಸೊಸೆಯ ಕೈ ತನಗೇ ತಿಳಿಯದಂತೆ ಹೊಟ್ಟೆಯ ಮೇಲೆ ಹೋಗಿತ್ತು. ತಾನು ಆ ಪ್ರಶ್ನೆ ಕೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಇಬ್ಬರೂ ತೊಟ್ಟಿಲನ್ನು ಎಲ್ಲಿಡೋಣ ಎಂದು ಜಗಳವಾಡುತ್ತಿರುತ್ತಿದ್ದರು. ಆದರೆ ಆ ಮಗು ದೊಡ್ಡದಾಗಿ, ಒಂದಲ್ಲ ಒಂದು ದಿನ ಇದೇ ಪ್ರಶ್ನೆಯನ್ನು ಕೇಳದೆ ಬಿಡುತ್ತಿತ್ತೇ?

ಇಳಿಯುವ ನಿಲ್ದಾಣ ಬಂತು. ಅತ್ತೆ ಎದ್ದರು, ಸೊಸೆ ಏಳಲಿಲ್ಲ. ಅತ್ತೆ ಮತ್ತೆ ಪಕ್ಕದಲ್ಲಿ ಕೂತು, ಅವಳ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡರು. ಬಸ್ಸು ಮುಂದಕ್ಕೆ ಹೊರಟಿತು.