ಕೆಂಪು ಬಟ್ಟೆಯ ಗಂಟು

ಥೆಲ್ಮಾ ಹಿಟ್ಟನ್ನು ನಾದುತ್ತಿರಲಿಲ್ಲ, ಗುದ್ದುತ್ತಿದ್ದಳು.

"ಚಿಕ್ಕಮ್ಮ, ರೊಟ್ಟಿ ಮಾಡ್ತಿದೀಯೋ, ಯಾರನ್ನಾದ್ರೂ ಹೊಡೀತಿದೀಯೋ?" ಅಡುಗೆಮನೆ ಬಾಗಿಲಲ್ಲಿ ನಿಂತು ರೋಂಡಾ ಕೇಳಿದಳು. ಅವಳ ದೊಡ್ಡಮ್ಮ ಆಗ್ನೆಸ್‌ಳನ್ನು ಬೆಳಿಗ್ಗೆಯಷ್ಟೇ ಮಣ್ಣು ಮಾಡಿ ಬಂದಿದ್ದರು.

"ನಿನ್ನ ದೊಡ್ಡಮ್ಮ ನನ್ನ ರೊಟ್ಟೀನ ಕಲ್ಲು ಅಂತಿದ್ಲು. ಕೊನೇ ಸಲ ಕಲ್ಲೇ ತಿನ್ಲಿ ಬಿಡು."

ಆಚೆ ಸಮುದಾಯದ ಹಾಲ್‌ನಲ್ಲಿ ವಿನಿಪೆಗ್ ನಗರದ ಕ್ರೀ ಮೂಲನಿವಾಸಿ ಜನ ಕಿಕ್ಕಿರಿದಿದ್ದರು. ಗೋಡೆಯ ಮೇಲೆ ಆಗ್ನೆಸ್‌ಳ ದೊಡ್ಡ ಫೋಟೊ. ಅದರಲ್ಲಿ ಅವಳ ಪಕ್ಕ, ಹಾಲ್‌ಗೆ ಹಣ ಕೊಟ್ಟ ಫೌಂಡೇಶನ್ನಿನ ಕ್ಲೇರ್, ಇಬ್ಬರೂ ಹಿಡಿದ ಒಂದೇ ಕತ್ತರಿ, ಮುಂದೆ ರಿಬ್ಬನ್. ಆ ಫೋಟೊ ತೆಗೆಯುವಾಗ ಥೆಲ್ಮಾ ಇದೇ ಒಲೆಯ ಮುಂದೆ ನಿಂತು ಸಾರು ಕದಡುತ್ತಿದ್ದಳು.

"ಮುಂದಾಳು ಕುರ್ಚೀಲಿ ಇನ್ನು ಯಾರನ್ನ ಕೂರಿಸ್ತಾರಂತೆ?" ಥೆಲ್ಮಾ ತಲೆ ಎತ್ತದೆ ಕೇಳಿದಳು.

"ನೀವೇ ಆರಿಸ್ಕೊಳ್ಳಿ ಅಂದ್ಲು ಕ್ಲೇರ್. ಯಾರಿಗೆ ಅಂತ ದೊಡ್ಡಮ್ಮ ಹೇಳಿಹೋಗಿದಾಳೆ. ಅವಳ ವಸ್ತು ಹಂಚೋವಾಗ ಗೊತ್ತಾಗತ್ತೆ."

*

ಮೊದಲು ಈ ಹಾಲ್ ಇರಲೇ ಇಲ್ಲ. ಮೂಲನಿವಾಸಿಗಳಿಗೆಂದು ಸರ್ಕಾರ ಮೀಸಲಿಟ್ಟ ರಿಸರ್ವ್‌ಗಳಿಂದ ಬಸ್ಸಿನಲ್ಲಿ ಬಂದಿಳಿದು, ದಿಕ್ಕು ತೋಚದೆ ನಿಂತವರಿಗೆ ಶುಕ್ರವಾರ ಥೆಲ್ಮಾಳ ಬಾಡಿಗೆ ಮನೆಯಲ್ಲಿ ಊಟ. ಸಾರು ಥೆಲ್ಮಾಳದು, ಮಾತು ಆಗ್ನೆಸ್‌ಳದು. ಹನ್ನೆರಡು ವರ್ಷದ ಹಿಂದೆ ಫೌಂಡೇಶನ್ನಿನ ಅರ್ಜಿ ನಮೂನೆ ಬಂತು. ಮೂಲನಿವಾಸಿಗಳೇ ನಡೆಸುವ ಕೆಲಸಕ್ಕೆ ಹಣ ಕೊಡುತ್ತೇವೆ, ಮುಂದಾಳು ಯಾರು?

"ಅವರಿಗೆ ನಾನು ಬೇಕಿದ್ರೆ ಹೊಗೆಸೊಪ್ಪು ತಂದು ಕೇಳ್ಲಿ," ಅಂದಳು ಥೆಲ್ಮಾ. "ನಮ್ಮಲ್ಲಿ ಕೇಳೋ ರೀತಿ ಅದು. ಕಾಗದ ತುಂಬಿ ಕೈಯೊಡ್ಡೋದು ನನ್ನ ಕೈಲಾಗಲ್ಲ."

"ಅವರಿಗೇನು ಗೊತ್ತೇ ಅದೆಲ್ಲ?" ಆಗ್ನೆಸ್ ತಾನೇ ಹೊಗೆಸೊಪ್ಪು ಕೊಂಡು, ಕೆಂಪು ಬಟ್ಟೆಯಲ್ಲಿ ಕಟ್ಟಿ ತಂದು ಮೇಜಿನ ಮೇಲಿಟ್ಟಳು. "ತಗೋ, ನಾನು ಕೇಳ್ತಿದೀನಿ. ಇಬ್ಬರ ಹೆಸರೂ ಬರಿಯೋಣ. ನನ್ನ ಪಕ್ಕ ಕೂತ್ಕೋ."

ತೆಗೆದುಕೊಂಡರೆ ಒಪ್ಪಿದ ಹಾಗೆ. ಥೆಲ್ಮಾ ಗಂಟನ್ನು ಮುಟ್ಟಲಿಲ್ಲ, ಸೌಟಿನಿಂದ ಹಿಂದಕ್ಕೆ ತಳ್ಳಿದಳು. ಆಗ್ನೆಸ್ ಇನ್ನೊಮ್ಮೆ ಕೇಳುತ್ತಾಳೆ ಎಂದುಕೊಂಡಿದ್ದಳು. ಆಗ್ನೆಸ್ ಕೇಳಲಿಲ್ಲ, ಒಂದೇ ಹೆಸರು ಬರೆದಳು.

ಆಗ್ನೆಸ್ ವಿಮಾನದಲ್ಲಿ ಟೊರಾಂಟೊಗೆ ಹೋದ ದಿನ ಸಾರು ತಳ ಹತ್ತಿತು. ಟಿವಿಯಲ್ಲಿ ಬಂದ ದಿನ ಥೆಲ್ಮಾ ವೈರು ಕಿತ್ತಳು. ಆಗ್ನೆಸ್‌ಗೆ ಕೆಮ್ಮು ಶುರುವಾಗಿದೆ ಎಂದು ಕೇಳಿದ ದಿನ, ಒಂದು ಗಳಿಗೆ, ಅವಳಿಗೆ ಹಾಯೆನಿಸಿತ್ತು.

*

ಊಟಕ್ಕೆ ಮೊದಲು ಸತ್ತವಳ ವಸ್ತುಗಳನ್ನು ಹಂಚಿದರು. ನಕ್ಷತ್ರದ ಕೌದಿ ಕ್ಲೇರ್‌ಗೆ ಹೋಯಿತು. ಕ್ಲೇರ್ ಬಿಕ್ಕಿ ಬಿಕ್ಕಿ ಅತ್ತಳು.

"ಅಳೋದಕ್ಕೂ ಇವಳೇ ಮುಂದೆ," ಥೆಲ್ಮಾ ಬಾಗಿಲಲ್ಲೇ ಗೊಣಗಿದಳು.

ಬೂಟು, ಮಣಿಸರ, ಕಡೆಗೆ ಬಿರುಕು ಬಿಟ್ಟ ಕನ್ನಡಕಕ್ಕೂ ಒಬ್ಬರ ಹೆಸರಿತ್ತು. ಪೆಟ್ಟಿಗೆ ಖಾಲಿಯಾಯಿತು. ಥೆಲ್ಮಾಳ ಹೆಸರು ಬರಲಿಲ್ಲ. ಅವಳು ಒಳಗೆ ಬಂದು ಮತ್ತೆ ಹಿಟ್ಟು ಗುದ್ದತೊಡಗಿದಳು.

ರೋಂಡಾ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು. ಕೆಂಪು ಬಟ್ಟೆಯ ಗಂಟೊಂದನ್ನು ಮೇಜಿನ ಮೇಲಿಟ್ಟಳು. ಬಟ್ಟೆ ಹಳೆಯದು, ಮಡಿಕೆಗಳಲ್ಲಿ ಬಣ್ಣ ಮಾಸಿತ್ತು.

"ಕುರ್ಚಿ ನಿನಗೆ ಅಂತ. ಎಲ್ಲರೆದುರು ಕೊಡ್ಬೇಡ ಅಂದಿದ್ಲು. ಮತ್ತೆ ತಳ್ಳಿದ್ರೆ ಯಾರೂ ನೋಡ್ಬಾರ್ದಂತೆ."

"ಸತ್ತ ಮೇಲೂ ಇವಳೇ ಗೆಲ್ಬೇಕು!" ಥೆಲ್ಮಾಳ ದನಿ ಕೀರಲಾಯಿತು. "ಇಷ್ಟು ವರ್ಷ ಬಾಯಿಗೇನು ಬಡಿದಿತ್ತಂತೆ?"

"ನಿನಗೆ ಹೆದರ್ತಿದ್ಲು ಚಿಕ್ಕಮ್ಮ."

ಥೆಲ್ಮಾ ಕೈ ಒರೆಸಿಕೊಳ್ಳಲಿಲ್ಲ. ಗಂಟನ್ನು ಎತ್ತಿ ಏಪ್ರನ್ನಿನ ಜೇಬಿಗೆ ತುರುಕಿದಳು. ಕೆಂಪು ಬಟ್ಟೆಯ ಮೇಲೆ ಐದು ಬೆರಳ ಹಿಟ್ಟಿನ ಗುರುತು ಮೂಡಿತ್ತು.

"ಸತ್ತೋಳ ಪಾಲು ಬೆಂಕಿಗೆ ಹಾಕ್ಬೇಕು, ತಟ್ಟೆ ಯಾರು ಬಡಿಸ್ತೀರಾ? ಹೊರಗೆ ಬೆಂಕಿ ಕಾಯ್ತಿದೆ!" ಹಾಲ್‌ನಿಂದ ಯಾರೋ ಕೂಗಿದರು.

"ನಾನು," ಅಂದಳು ಥೆಲ್ಮಾ.

ಎಲ್ಲದರಲ್ಲೂ ಒಂದೊಂದು ಚೂರು ಬಡಿಸಿದಳು. ರೊಟ್ಟಿಯ ತಟ್ಟೆ ಕೆದಕಿ, ಎಲ್ಲಕ್ಕಿಂತ ಹೆಚ್ಚು ಸೀದದ್ದನ್ನು ಆರಿಸಿ ಮೇಲಿಟ್ಟಳು. ಬಾಗಿಲವರೆಗೆ ಹೋದಳು. ತಿರುಗಿ ಬಂದು, ಕಪ್ಪು ಕಾಣದಂತೆ, ಅಂಚಿನ ತನಕ ಬೆಣ್ಣೆ ಬಳಿದಳು.