ಮೊದಲನೇ ಪುಟಕ್ಕೆ ಬಂದ ಬೂಟಿನಂಗಡಿ

ಒಂದು ಕಾಲು ಗಿಡ್ಡವಿದ್ದವರಿಗೆ, ಬೆರಳು ಸೊಟ್ಟಗಾದವರಿಗೆ, ಹಿಮ್ಮಡಿ ಊರಲಾಗದವರಿಗೆ ಅಳತೆ ತೆಗೆದು ಬೂಟು ಹೊಲಿಯುವುದು ಅವಳ ಕಸುಬು. ಮಾವ ಕೈಹಿಡಿದು ಕಲಿಸಿದ್ದು. ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ, ಆದರೆ ಅಂಗಡಿ ಇರುವುದು ಆ ಬೀದಿಯವರನ್ನು ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ವೆಬ್‌ಸೈಟು ಇತ್ತು, ಇದ್ದೂ ಇಲ್ಲದ ಹಾಗೆ. ನೆಟ್‌ನಲ್ಲಿ ಹುಡುಕಿದರೆ ಪುಟದ ಮೇಲೆ ಪುಟ ತಿರುವಿದರೂ ಸಿಗುತ್ತಿರಲಿಲ್ಲ.

ವೆಬ್‌ಸೈಟುಗಳನ್ನು ಮೇಲಕ್ಕೆ ತರುವುದೇ ಮೈದುನನ ಉದ್ಯೋಗ. "ನನಗೆ ಬಿಡಿ ಅತ್ತಿಗೆ, ಮೊದಲನೇ ಪುಟದಲ್ಲಿ ಕೂರಿಸ್ತೀನಿ" ಅಂದ. ಮನೆಯವನೇ ಅಲ್ಲವೇ, ಬಿಟ್ಟಳು. ಹೇಳಿದ ಹಾಗೆ ಕೂರಿಸಿಯೂ ಬಿಟ್ಟ. ಫೋನು ಬಡಿದುಕೊಳ್ಳತೊಡಗಿತು. ಅವಳೂ ಹಿಗ್ಗಿದಳು. ವೆಬ್‌ಸೈಟಿನಲ್ಲಿ ಅವನು ಏನು ಬರೆದಿದ್ದಾನೆ ಎಂದು ನೋಡುವಷ್ಟು ಪುರುಸೊತ್ತೇ ಸಿಗಲಿಲ್ಲ.

ಒಂದು ಮಧ್ಯಾಹ್ನ ಮುದುಕರೊಬ್ಬರು ಮೊಮ್ಮಗಳ ಕೈಹಿಡಿದು ಬಂದರು. ಬಸ್ಸಿಂದ ಬಸ್ಸಿಗೆ ಹತ್ತಿಳಿದು ಹಣ್ಣಾಗಿದ್ದರು. ಹುಡುಗಿಯ ಒಂದು ಕಾಲು ಗಿಡ್ಡ.

"ಡಾಕ್ಟರಮ್ಮ ಇದ್ದಾರಾ?"

"ಇಲ್ಲಿ ಡಾಕ್ಟರ್ ಯಾರೂ ಇಲ್ಲ ತಾತ. ಬೂಟು ಹೊಲಿಯೋಳು ನಾನು."

ಮುದುಕರು ಫೋನು ತೆಗೆದು ಅವಳ ಮುಖಕ್ಕೇ ಹಿಡಿದರು. ಅವಳದೇ ಅಂಗಡಿ, ಅವಳದೇ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ: 'ಕುಂಟುತನಕ್ಕೆ ಶಾಶ್ವತ ಪರಿಹಾರ. ಆಪರೇಷನ್ ಬೇಡ. ಗ್ಯಾರಂಟಿ.' ಅದರಡಿಯಲ್ಲಿ, ಅವಳು ಕಂಡು ಕೇಳರಿಯದ ಜನರ ಹೊಗಳಿಕೆ: 'ನನ್ನ ಮಗ ಈಗ ಓಡುತ್ತಾನೆ!'

"ಇದು ನಾನು ಬರೆದಿದ್ದಲ್ಲ ತಾತ. ಬೂಟಿಂದ ಕಾಲು ಬೆಳೆಯಲ್ಲ."

"ಯಾರು ಬರೆದ್ರೇನಮ್ಮ? ಅಂಗಡಿ ನಿಮ್ಮದು ತಾನೇ?" ಮುದುಕರು ಮೊಮ್ಮಗಳ ಕಡೆ ನೋಡಿದರು. "ದಾರಿಯುದ್ದಕ್ಕೂ ಮಗೂಗೆ ಏನೇನೋ ಹೇಳ್ಕೊಂಡು ಬಂದೆನಲ್ಲ ನಾನು!"

ಅಷ್ಟರಲ್ಲಿ ಹುಡುಗಿಯೇ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. "ಓಡೋಕಾಗ್ದಿದ್ರೆ ಬೇಡ. ಮೆಟ್ಟಿಲಲ್ಲಿ ಬೀಳದ ಹಾಗೆ ಮಾಡ್ತೀರಾ?"

"ಅದು ಮಾಡ್ತೀನಮ್ಮ" ಅಂದಳು. ಅಳತೆ ತೆಗೆಯುವಾಗ ಕಣ್ಣು ಮಂಜಾಗಿ ಟೇಪಿನ ಗೆರೆ ಕಾಣದೆ, ಮತ್ತೆ ಮೊದಲಿಂದ ಹಿಡಿಯಬೇಕಾಯಿತು.

ಅವರು ಹೋದದ್ದೇ ತಡ, ಮೈದುನನನ್ನು ಕರೆಸಿದಳು. ಅವನು ನಗುನಗುತ್ತಲೇ ಬಂದ. "ನೋಡಿದ್ರಾ ಅತ್ತಿಗೆ, ಹೇಗೆ ಜನ ಬರ್ತಿದ್ದಾರೆ?"

"ಕುಂಟುತನ ವಾಸಿ ಮಾಡ್ತೀನಿ ಅಂತ ನಿನಗ್ಯಾವಾಗಪ್ಪ ಹೇಳಿದ್ದೆ ನಾನು?"

"ಅಯ್ಯೋ, ಅದಾ! ಜನ ಹುಡುಕೋದೇ ಆ ಮಾತನ್ನ. ಎತ್ತರದ ಹಿಮ್ಮಡಿ ಬೂಟು ಅಂತ ಯಾರು ಹುಡುಕ್ತಾರೆ? ಎಲ್ಲರೂ ಹೀಗೇ ಮಾಡೋದು."

"ಎಲ್ಲರೂ ಬಾವಿಗೆ ಬಿದ್ರೆ ನನ್ನನ್ನೂ ತಳ್ತೀಯಾ? ನೊಂದವರು ಏನು ಹುಡುಕ್ತಾರೆ ಅಂತ ತಿಳ್ಕೊಂಡು ಅದಕ್ಕೇ ಗಾಳ ಹಾಕಿದ್ದೀಯಲ್ಲೋ! ನಿನ್ನಪ್ಪ ಕೂತು ಹೊಲಿದ ಜಾಗ ಇದು. ಆಗಲ್ಲ ಅನ್ನೋದನ್ನ ಆಗಲ್ಲ ಅಂತ್ಲೇ ಹೇಳಿ ಕಳಿಸ್ತಿದ್ರು. ತೆಗಿ ಅದನ್ನ. ನನ್ನ ಕಣ್ಣೆದುರಿಗೇ ತೆಗಿ."

"ತೆಗೆದ್ರೆ ಮತ್ತೆ ಪಾತಾಳಕ್ಕೆ ಹೋಗುತ್ತೆ."

"ಹೋಗ್ಲಿ."

ಅವನು ಮುಖ ಊದಿಸಿಕೊಂಡೇ ಅಳಿಸಿದ. ಅವಳು ಅಷ್ಟಕ್ಕೇ ಬಿಡಲಿಲ್ಲ. ಗಿರಾಕಿಗಳು ದಿನಾ ಕೇಳುವ ಪ್ರಶ್ನೆಗಳನ್ನು ಹೇಳುತ್ತ ಹೋದಳು, ಅವನು ಟೈಪ್ ಮಾಡಿದ. ಹಿಮ್ಮಡಿ ಎಷ್ಟು ಎತ್ತರಿಸಬಹುದು, ಹಳೇ ಬೂಟಿಗೇ ಅಟ್ಟೆ ಹಾಕಬಹುದೇ, ಡಾಕ್ಟರನ್ನು ಯಾವಾಗ ಕಾಣಬೇಕು. ಪ್ರತಿ ಬೂಟಿನ ಫೋಟೋದಡಿ ಅದು ಯಾರಿಗಾಗುತ್ತದೆ ಎಂದು ಬರೆಸಿದಳು. ಆಮೇಲೆ ಮುದುಕರ ನಂಬರು ಒತ್ತಿ ಫೋನನ್ನು ಅವನ ಕೈಗಿಟ್ಟಳು.

"ನಾನೇನು ಹೇಳ್ಲಿ ಅತ್ತಿಗೆ?"

"ಬರೆದೋನು ನಾನು ಅಂತ ಹೇಳು."

ಆ ಕಡೆಯಿಂದ ಬಂದ ಬೈಗುಳ ಅವಳಿಗೂ ಕೇಳಿಸುತ್ತಿತ್ತು. ಅವನ ಮುಖ ಕಪ್ಪಿಟ್ಟಿತು. ಅವಳು ಫೋನು ಇಸಿದುಕೊಳ್ಳಲಿಲ್ಲ.

ವೆಬ್‌ಸೈಟು ಕೆಳಗೆ ಜಾರಿತು, ಫೋನು ತಣ್ಣಗಾಯಿತು. ತಿಂಗಳುಗಳು ಕಳೆದ ಮೇಲೆ ನಿಧಾನವಾಗಿ ಎರಡನೇ ಪುಟಕ್ಕೆ ಏರಿತು. ಈಗ ಬರುವವರು ಬೂಟನ್ನೇ ಕೇಳಿಕೊಂಡು ಬರುತ್ತಾರೆ. ಬೂಟು ಸಿದ್ಧವಾದ ದಿನ ಹುಡುಗಿ ಬಂದು ಅದನ್ನು ತೊಟ್ಟು ಅಂಗಡಿಯ ಮೆಟ್ಟಿಲು ಹತ್ತಿಳಿದು ನೋಡಿದಳು, ಬೀಳಲಿಲ್ಲ. ಮುದುಕರು ಮಾತ್ರ ಹೊರಗೇ ನಿಂತಿದ್ದರು, ಒಳಗೆ ಬನ್ನಿ ಎಂದರೂ ಬರಲಿಲ್ಲ.